ಬಾಗಿಲು ಮುಚ್ಚಿ ರುಬ್ಬಿದ್ದಕ್ಕೆ

ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ, ಕೂಲಿಯವರ ಲೈನು ಮನೆಗಳಲ್ಲಿ ಬಾಗಿಲು ಮುಚ್ಚಿಕೊಂಡು ಯಾರೂ ರುಬ್ಬುತ್ತಿರಲಿಲ್ಲ. ಗಣಿಯಿಂದ ಕದ್ದ ಅದಿರನ್ನು ಮನೆಯಲ್ಲೇ ಅರೆದು ಚಿನ್ನ ತೆಗೆಯುವವರಿದ್ದರು. ಅವರನ್ನು ಹಿಡಿಯುವುದಕ್ಕೆಂದೇ ಪೊಲೀಸರಿದ್ದರು. ಒರಳಿನ ಸದ್ದು ಕೇಳಿದರೆ ಸಾಕು, ಅವರ ಕಿವಿ ನೆಟ್ಟಗಾಗುತ್ತಿತ್ತು. ಹಾಗಾಗಿ ದೋಸೆ ಹಿಟ್ಟಾದರೂ ಸರಿ, ಚಟ್ನಿಯಾದರೂ ಸರಿ, ಬಾಗಿಲು ಹಾರುಹೊಡೆದಿರಬೇಕು. ಯಾರ ಮನೆಯಲ್ಲಿ ಎಷ್ಟು ಉದ್ದು ಹಾಕುತ್ತಾರೆಂದು ನೆಂಟರಿಗಿಂತ ಪೊಲೀಸರಿಗೇ ಚೆನ್ನಾಗಿ ಗೊತ್ತಿತ್ತು.

ಒಂದು ಸಲ ನನ್ನ ತಂಗಿಗೆ ದಡಾರ ಎದ್ದಿತು. ಮಗುವಿನ ಮೇಲೆ ಹೊರಗಿನವರ ಕಣ್ಣು ಬೀಳಬಾರದೆಂದು ಅಮ್ಮ ಬಾಗಿಲು ಮುಚ್ಚಿ, ಮೈಗೆ ಹಚ್ಚಲು ಬೇವು ಅರಿಶಿನ ಅರೆಯುತ್ತಿದ್ದಳು. ಪೊಲೀಸರು ಬಾಗಿಲು ಒದ್ದು, ಬೂಟುಗಾಲಿನಲ್ಲೇ ಒಳಗೆ ಬಂದರು. ಒರಳಲ್ಲಿದ್ದದ್ದು ಹಸಿರು ಮುದ್ದೆ. ಆದರೂ ಆಗಷ್ಟೇ ಶಿಫ್ಟು ಮುಗಿಸಿ ಬಂದಿದ್ದ ಅಪ್ಪನನ್ನು ಎಳೆದುಕೊಂಡು ಹೋದರು. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಕೇಸೇನೂ ಹಾಕದೆ ಮೂರನೆಯ ದಿನ ಬಿಟ್ಟರು. ಗಣಿಯವರು ಮಾತ್ರ ಅವನನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಠಾಣೆಯಲ್ಲಿ ಏನಾಯಿತೆಂದು ಅಪ್ಪ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬೀದಿಯಲ್ಲಿ ಬೂಟಿನ ಸದ್ದಾದರೆ ಉಣ್ಣುತ್ತಿದ್ದವನು ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಿದ್ದ. ಸದ್ದು ದೂರವಾದರೂ ಕೂರುತ್ತಿರಲಿಲ್ಲ. ಹಾಗೆ ನಿಂತ ಅಪ್ಪನನ್ನು ಕಂಡರೆ ನನಗೆ ಭಯವಾಗುತ್ತಿತ್ತು. ನಮ್ಮಪ್ಪನನ್ನು ಅಲ್ಲೇ ಇಟ್ಟುಕೊಂಡು ಇನ್ಯಾರನ್ನೋ ಕಳಿಸಿದ್ದಾರೆ ಅನಿಸುತ್ತಿತ್ತು.

ಗಣಿಗಳು ಕೇಂದ್ರ ಸರ್ಕಾರದ ಕೈಗೆ ಹೋಗುತ್ತವೆ ಎಂಬ ಮಾತು ಎದ್ದಿದ್ದ ಕಾಲ ಅದು. ಚುನಾವಣೆಯೂ ಹತ್ತಿರವಿತ್ತು. ಉರಿಗಾಂ ಲೀಡರು, "ಈ ಪೊಲೀಸೇ ಬೇಡ, ಕಿತ್ತಾಕಿ, ಕೂಲಿಯವರೇ ಕಾವಲು ಕಾಯಲಿ" ಅನ್ನುತ್ತಿದ್ದ. ಬಂಗಾರಪೇಟೆಯಿಂದ ಕಾರಿನಲ್ಲಿ ಬರುತ್ತಿದ್ದ ಇನ್ನೊಬ್ಬ ಲೀಡರು, "ಇಲ್ಲಿಯ ಪೊಲೀಸ್ರು ಲಂಚ ತಿಂದು ಕಳ್ಳರನ್ನ ಬಿಡ್ತಾರೆ, ದಡ್ಡರ ಹಾಗೆ ಇನ್ಯಾರನ್ನೋ ಹಿಡೀತಾರೆ, ಡೆಲ್ಲಿ ಪೊಲೀಸು ಬರ್ಬೇಕು, ಕಾನೂನು ಬಿಗಿಯಾಗ್ಬೇಕು" ಅನ್ನುತ್ತಿದ್ದ. ಇಬ್ಬರಿಗೂ ಬೇಕಾಗಿದ್ದು ನಮ್ಮಪ್ಪನೇ. ಒಬ್ಬನಿಗೆ ಪೊಲೀಸರ ದೌರ್ಜನ್ಯಕ್ಕೆ ಸಾಕ್ಷಿ, ಇನ್ನೊಬ್ಬನಿಗೆ ಅವರ ದಡ್ಡತನಕ್ಕೆ. ಇಬ್ಬರೂ ನಮ್ಮ ಮನೆಗೆ ಬಂದು ಕಾಫಿ ಕುಡಿದರು. ನಮ್ಮ ಸ್ಟೇಜು ಹತ್ತಿ ನಡೆದದ್ದು ಹೇಳು, ಕೆಲಸ ವಾಪಸು ಕೊಡಿಸುತ್ತೇವೆ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ನಮ್ಮಪ್ಪ.

ಅಮ್ಮನಿಗೆ ಯಾವ ಪೊಲೀಸು ಬಂದರೂ ಒಂದೇ. "ಯಾರಾದ್ರೇನು, ಒಲೆ ಉರೀಬೇಕು. ಮೊದ್ಲು ಕರ್ದೋರ್ ತಾವ್ಕೆ ಓಗಿ ಎರಡು ಮಾತು ಯೋಳ್ಬುಟ್ಟು ಬಾ" ಅಂದಳು.

ಮೊದಲು ಕರೆದಿದ್ದ ಉರಿಗಾಂ ಲೀಡರ ಸಭೆ ಸಂಜೆಗಿತ್ತು. ಶಿಫ್ಟು ಮುಗಿಸಿದವರೆಲ್ಲ ಹಾಗೇ ಬಂದು ನೆಲದ ಮೇಲೆ ಕೂತಿದ್ದರು. ನಾನೂ ಅಮ್ಮನೂ ಮುಂದೆಯೇ ಕೂತೆವು. ಸ್ಟೇಜಿನ ಪಕ್ಕ ಬಂದೋಬಸ್ತಿಗೆಂದು ಇಬ್ಬರು ಪೊಲೀಸರು ನಿಂತಿದ್ದರು.

"ಯೋಳಪ್ಪ, ಎದರ್ಕೋಬೇಡ. ನಿಂಗೇನೇನು ಮಾಡುದ್ರು ಯೋಳು" ಎಂದು ಲೀಡರು ಅಪ್ಪನನ್ನು ಮೈಕಿನ ಮುಂದೆ ನಿಲ್ಲಿಸಿದ.

ಅಪ್ಪ ಆ ಪೊಲೀಸರ ಕಡೆ ನೋಡಿದ. ಕಾಲು ಅಗಲಿಸಿದ. ಎರಡೂ ಕೈ ಮೇಲೆತ್ತಿ, ಬಾಯಿ ದೊಡ್ಡದಾಗಿ ತೆರೆದು ನಿಂತುಬಿಟ್ಟ.

ಲೀಡರು ಅದನ್ನು ಜೈಕಾರ ಎಂದುಕೊಂಡು, "ಒಡೀರಿ ಚಪ್ಪಾಳೆ!" ಎಂದ. ಕೂತವರು ಯಾರೂ ಕೈ ಎತ್ತಲಿಲ್ಲ. ದಿನಾ ಗಣಿಯಿಂದ ಮೇಲೆ ಬಂದು, ಅದಿರು ಬಚ್ಚಿಟ್ಟಿಲ್ಲವೆಂದು ತೋರಿಸಲು ಗೇಟಿನಲ್ಲಿ ಮೈ, ಬಾಯಿ ತಡಕಿಸಿಕೊಳ್ಳುವಾಗ ಅವರೆಲ್ಲ ನಿಲ್ಲುತ್ತಿದ್ದದ್ದು ಹಾಗೆಯೇ. ಮುಂದಿನ ಸಾಲಿನ ಮುದುಕನೊಬ್ಬ ತಲೆ ತಗ್ಗಿಸಿಕೊಂಡ.

"ಕೈ ಇಳ್ಸಪ್ಪ, ಸಾಕು" ಎಂದು ಲೀಡರು ತೋಳು ಹಿಡಿದು ಎಳೆದ. ಅಪ್ಪನ ಕೈ ಇಳಿಯಲಿಲ್ಲ. ಬಾಯಿ ಮುಚ್ಚಲಿಲ್ಲ. ತುಟಿಯಂಚಿನಲ್ಲಿ ಜೊಲ್ಲು ಇಳಿಯತೊಡಗಿತು.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೇಜು ಹತ್ತಿದಳು. ಅವನ ಕಂಕುಳು, ಸೊಂಟ, ಕಾಲು ಎಲ್ಲವನ್ನೂ ಮೇಲಿಂದ ಕೆಳಗೆ ತಡವಿದಳು. ಆಮೇಲೆ ತಪಾಸಣೆ ಮುಗಿಸಿದ ಗೇಟಿನ ಕಾವಲುಗಾರರು ಹೋಗೆಂದು ತಮಿಳಿನಲ್ಲಿ ಹೇಳುವ ಮಾತನ್ನೇ, ಅವರದೇ ಗಡಸು ದನಿಯಲ್ಲಿ ಹೇಳಿದಳು.

"ಸರಿ, ಪೋ."

ಅಪ್ಪ ಕೈ ಇಳಿಸಿ, ಬಾಯಿ ಮುಚ್ಚಿಕೊಂಡು, ಮನೆಯ ಕಡೆ ನಡೆದ.