ಹಸಿ ಗಂಜಿ ಮತ್ತು ಬೆಟಗೇರಿಯ ಒಂದು ಬೂತು

ಎಂಬತ್ತರ ದಶಕದ ಆರಂಭದಲ್ಲಿ ನಾನು ಗದಗಿನ ಕಂದಾಯ ಕಚೇರಿಯಲ್ಲಿದ್ದೆ. ಅದಕ್ಕೂ ಮೊದಲು ಶಿರಹಟ್ಟಿ, ಮುಂಡರಗಿ ಎರಡೂ ಕಡೆ ಚುನಾವಣೆ ಮಾಡಿಸಿದವನು. ಹಾಗಾಗಿ ವಿಧಾನಸಭಾ ಚುನಾವಣೆ ಬಂದಾಗ ಬೆಟಗೇರಿಯ ಕೆಲವು ಮತಗಟ್ಟೆಗಳಿಗೆ ನನ್ನನ್ನು ಝೋನಲ್ ಆಫೀಸರ್ ಮಾಡಿದರು. ಜೀಪಿನಲ್ಲಿ ಬೂತಿನಿಂದ ಬೂತಿಗೆ ತಿರುಗಿ, ಮತದಾನ ಸುಸೂತ್ರವಾಗಿದೆಯೇ ಎಂದು ನೋಡಿ ಮೇಲಿನವರಿಗೆ ತಿಳಿಸುವ ಕೆಲಸ. ಎಲ್ಲ ಬೂತೂ ನಮ್ಮದೇ, ಊಟ ಮಾತ್ರ ಯಾವ ಬೂತಿನಲ್ಲೂ ಇರುತ್ತಿರಲಿಲ್ಲ.

ಅದರಲ್ಲೊಂದು ಬೂತು ಶಾಲೆಯೊಂದರಲ್ಲಿತ್ತು. ಶಾಲೆಯ ಮಗ್ಗುಲಿಗೆ ನೇಕಾರರ ಓಣಿ. ಅದರ ಆಚೆ ತುದಿಗೆ ನೂಲಿಗೆ ಬಣ್ಣ ಹಾಕುವ ಮುಸಲ್ಮಾನರ ಮನೆಗಳು. ಅವರು ಶಾಲೆಗೆ ಬರಲು ಆ ಓಣಿಯೊಂದೇ ದಾರಿ. ಓಣಿ ಇಂಥ ಪಕ್ಷಕ್ಕೆ, ತುದಿಯ ಮನೆಗಳು ಅಂಥ ಪಕ್ಷಕ್ಕೆ ಎಂದು ಎರಡೂ ಕಡೆಯ ಏಜೆಂಟರು ಮೊದಲೇ ಹಂಚಿಕೊಂಡು ಕೂತಿದ್ದರು. ಜಾತಿ ಗೊತ್ತಾದರೆ ಮತ ಗೊತ್ತಾಯಿತು ಎನ್ನುವ ಲೆಕ್ಕ. ನಾನೂ ಅದನ್ನು ಅರ್ಧ ನಂಬಿದವನೇ.

ಮಧ್ಯಾಹ್ನ ಹೋಗಿ ನೋಡಿದರೆ ಸಿಬ್ಬಂದಿ ಆಕಳಿಸುತ್ತ ಕೂತಿದ್ದಾರೆ, ಮತದಾರರೇ ಇಲ್ಲ. ಒಬ್ಬ ಏಜೆಂಟ ಓಡಿ ಬಂದ.

"ಸಾಹೇಬ್ರ, ನೇಕಾರ್ರು ಓಣಿ ತುಂಬ ಹಾಸು ಕಟ್ಟ್ಯಾರ. ನಮ್ಮ ಮುಸಲರ ಮಂದಿ ಈ ಕಡೆ ಬರಬಾರದಂತ ಹೂಡಿದ ಆಟ ಇದು. ತೆಗಸ್ರಿ."

ಮತದಾರರನ್ನು ತಡೆಯುವುದು ಸಣ್ಣ ಅಪರಾಧವಲ್ಲ. ಬಂದೋಬಸ್ತಿಗಿದ್ದ ಪೊಲೀಸ್ ಫೌಜದಾರರನ್ನು ಕರೆದುಕೊಂಡು ಹೊರಟೆ.

ಓಣಿಯುದ್ದಕ್ಕೂ ಸೀರೆಯ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳನ್ನು, ಸೊಂಟದೆತ್ತರಕ್ಕೆ ಬಿಗಿದು ಕಟ್ಟಿದ್ದರು. ನೂಲು ಗಟ್ಟಿಯಾಗಲೆಂದು ಗಂಜಿ ಹಚ್ಚಿ, ಒಣಗುವ ತನಕ ದೊಡ್ಡ ಕುಂಚದಿಂದ ತಿಕ್ಕುತ್ತಲೇ ಇರಬೇಕು. ಕೈಬಿಟ್ಟರೆ ಎಳೆಗೆ ಎಳೆ ಅಂಟಿ ಎಲ್ಲ ಹಾಳು. ಅದಕ್ಕೆ ಓಣಿಯ ಮಂದಿಯೆಲ್ಲ ಬೇಕು. ರಜೆಯ ದಿನ ಎಲ್ಲರೂ ಸಿಗುತ್ತಾರೆ, ಬೆಳಿಗ್ಗೆ ಮುಗಿಸಿ ವೋಟಿಗೆ ಹೋದರಾಯಿತು ಎಂದು ಶುರು ಮಾಡಿದ್ದಾರೆ. ಅವತ್ತೇ ಮೋಡ ಕವಿಯಬೇಕೆ? ಗಂಜಿ ಒಣಗಲೊಲ್ಲದು.

ಹಾಸು ತಿಪ್ಪವ್ವನದು. ಗಂಡ ತೀರಿಕೊಂಡ ಮೇಲೆ ಮಗ್ಗದ ಮೇಲೇ ಮನೆ ನಡೆಸಿದಾಕೆ. ಫೌಜದಾರರು "ಬಿಚ್ಚ್ರಿ ಇದನ್ನ" ಎಂದೊಡನೆ ಅಡ್ಡ ಬಂದು ನಿಂತಳು.

"ಈಗ ಬಿಚ್ಚಿದ್ರ ಇಷ್ಟೂ ನೂಲು ಗಂಟಾಗತೈತ್ರಿ. ಮತ್ತ ನಾ ಎಲ್ಲಿಂದ ತರಲಿ? ನನ್ನ ವೋಟು ಹೋದ್ರ ಹೋಗಲಿ, ಇದನ್ನ ಮುಟ್ಟಬ್ಯಾಡ್ರಿ."

ಸ್ವಲ್ಪ ತಡೆಯಿರೆಂದು ಫೌಜದಾರರಿಗೆ ಕೈ ಮಾಡಿದೆ. ಆದರೆ ಆಚೆಯವರ ವೋಟು? ಗೋಡೆ ಹಿಡಿದುಕೊಂಡು ತುದಿಗೆ ಹೋದೆ. ಅಲ್ಲಿ ಹೆಂಗಸರು ತಯಾರಾಗಿ ಕಟ್ಟೆಯ ಮೇಲೆ ಕೂತಿದ್ದರು. ಹಿರಿಯಳಾದ ಖತೀಜಾಬಿಯನ್ನು, ಯಾರು ತಡೆದರೆಂದು ಕೇಳಿದೆ.

"ಯಾರು ತಡೀತಾರ್ರಿ? ಗಂಜಿ ಹಸಿ ಇದ್ದಾಗ ಅಡ್ಡಾಡಿದ್ರ ಧೂಳ ಎದ್ದು ನೂಲಿಗೆ ಹತ್ತತೈತಿ. ಒಣಗಲಿ ಅಂತ ನಾವ ಕುಂತೀವಿ. ನೀವು ಬೂಟ ಹಾಕ್ಕೊಂಡು ಬಂದ್ರೆಲ್ಲಾ, ಅದು ತಪ್ಪು ನೋಡ್ರಿ."

ನಾಚಿಕೆಯಾಯಿತು, ನಗುವೂ ಬಂತು. ಧೂಳಿನದೇ ತಂಟೆಯಾದರೆ ನೀರು ಚಿಮುಕಿಸಿ ಗೋಡೆಗುಂಟ ಒಬ್ಬೊಬ್ಬರಾಗಿ ಬನ್ನಿ ಎಂದೆ. ಬಣ್ಣದ ಮನೆಗಳಲ್ಲಿ ನೀರಿಗೇನು ಬರ? ಕೊಡಗಳು ಬಂದವು. ಬಿಚ್ಚಿಸಲು ಬಂದಿದ್ದ ಫೌಜದಾರರೇ ಒಂದು ಕೊಡ ಎತ್ತಿದರು. "ನೂಲಿನ ಮ್ಯಾಲೆ ಸಿಡಿಸಬ್ಯಾಡ್ರಿ" ಎಂದು ತಿಪ್ಪವ್ವ ಅವರನ್ನೂ ಗದರಿದಳು. ವೋಟು ಹಾಕಿ ಮರಳಿದ ಬಣ್ಣದವರು ನೇಕಾರರ ಕೈಯಿಂದ ಕುಂಚ ಇಸಿದುಕೊಂಡರು, ನೇಕಾರರು ಬೂತಿಗೆ ಓಡಿದರು. ನೋಡನೋಡುತ್ತ ಸಾಲು ಶಾಲೆಯ ಅಂಗಳ ದಾಟಿತು.

ತಿಪ್ಪವ್ವ ಮಾತ್ರ ಕದಲಲಿಲ್ಲ. ಬೂತು ಮುಚ್ಚುವ ಹೊತ್ತಾಗುತ್ತಿತ್ತು. ಕಡೆಗೆ ಖತೀಜಾಬಿ ಬಂದು ಕುಂಚಕ್ಕೆ ಕೈ ಚಾಚಿದಳು.

"ಕೊಡು ಇಲ್ಲೆ."

"ಬ್ಯಾಡಕ್ಕಾ, ಎಳಿ ಹರದ್ರ..."

"ನಿಮ್ಮ ಅತ್ತಿ ಕಲಿಸ್ಯಾಳ ನನಗ. ಜಲ್ದಿ ನಡಿ."

ಹಿಂದೆ ಹಿಂದೆ ನೋಡುತ್ತಲೇ ತಿಪ್ಪವ್ವ ಹೋದಳು. ಗಂಜಿ ಮೆತ್ತಿದ ಬೆರಳಿಗೆ ಶಾಯಿ ಹತ್ತಲಿಲ್ಲ. ಪೋಲಿಂಗ್ ಆಫೀಸರು ತಮ್ಮ ಕುಡಿಯುವ ನೀರು ಕೊಟ್ಟು ತೊಳೆಸಿದರು.

ದೂರು ತಂದಿದ್ದ ಏಜೆಂಟನಿಗೆ ಹೊಟ್ಟೆಯುರಿ. "ಅಕಿ ವೋಟು ನಮಗ ಬೀಳೂದಿಲ್ಲಂತ ಗೊತ್ತಿದ್ದೂ ಕಳಿಸಿದ್ಯಲ್ಲ" ಎಂದು ಓಣಿಗೆ ಬಂದು ಖತೀಜಾಬಿಯ ಮುಂದೆ ಹಲುಬಿದ.

ಖತೀಜಾಬಿ ಕುಂಚ ನಿಲ್ಲಿಸಲಿಲ್ಲ. "ವೋಟು ಅಕೀದು. ಈ ನೂಲಿಗೆ ಬಣ್ಣ ಹಾಕಿದಾಕಿ ನಾನು. ಸರಿ ಅತ್ಲಾಗ, ಧೂಳ ಎಬ್ಬಸಬ್ಯಾಡ."

ಆಮೇಲೆ ಲಕ್ಷ್ಮೇಶ್ವರಕ್ಕೆ ವರ್ಗವಾಗಿ ಹೋದಾಗಲೂ ಚುನಾವಣೆಯ ಮೊದಲು ಊರವರನ್ನು ನಾನು ಕೇಳುತ್ತಿದ್ದದ್ದು, ಅವತ್ತು ನಿಮ್ಮಲ್ಲಿ ಯಾರಿಗೆ ಏನು ಕೆಲಸವಿದೆ ಎಂದು. ಯಾವ ಓಣಿಯಲ್ಲಿ ಯಾವ ಜಾತಿಯವರೆಂದು ಎಣಿಸಿ ಗಾಳಿ ಯಾವ ಕಡೆಗೆಂದು ಊಹಿಸಬಹುದು. ಆದರೆ ಮನೆ ಬಿಟ್ಟು ಬೂತಿಗೆ ಬರುವುದು ದುಡಿಮೆಗೂ ನೆರೆಹೊರೆಗೂ ಬಿಟ್ಟದ್ದು. ಆ ಇಬ್ಬರು ಹೆಂಗಸರು ಯಾರಿಗೆ ವೋಟು ಹಾಕಿದರೋ ನಾನು ಕೇಳಲಿಲ್ಲ. ಅವರೂ ಒಬ್ಬರನ್ನೊಬ್ಬರು ಕೇಳಿರಲಿಕ್ಕಿಲ್ಲ.