ಶುಕ್ರವಾರದ ಗ್ಯಾರೇಜು ಮತ್ತು ನನ್ನ ದೂರು ಅರ್ಜಿ

ನಮ್ಮ ನೆರೆಮನೆಯ ಇಂಗ್ಲಿಷ್ ಹಿರಿಯರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ ಹಿಂದಕ್ಕೆ ಬಾಗಿತ್ತು. ಬಾಲ್ಯದಲ್ಲಿ, ಅವರ ತಾಯಿ ನಡೆಸುತ್ತಿದ್ದ ಹಳ್ಳಿಯ ಪಬ್ಬಿನಲ್ಲಿ, ಬಿಯರಿನ ಪೀಪಾಯಿ ಅದರ ಮೇಲೆ ಉರುಳಿತ್ತಂತೆ. ಸದರಿಯವರ ಬಗ್ಗೆ ಬರೆಯಲು ನಾನು ಅರ್ಹನಲ್ಲವೆಂಬುದನ್ನು ಮೊದಲಿಗೇ ನಿವೇದಿಸಿಕೊಳ್ಳುತ್ತೇನೆ. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನಮ್ಮ ಮಾತಿನಲ್ಲಿ ಕೊಟ್ಟಿದ್ದೇನೆ.

ಹಾಸನದ ತಾಲ್ಲೂಕು ಕಚೇರಿಯಿಂದ ನಿವೃತ್ತನಾಗಿ ಅಮೆರಿಕದ ಮಿಲ್ಪಿಟಾಸ್‌ನ ಮಗಳ ಮನೆಗೆ ಬಂದ ನನ್ನನ್ನು ಮೊದಲು ಮಾತನಾಡಿಸಿದವರು ಅವರೇ. ಪ್ರತಿ ಶುಕ್ರವಾರ ಸಂಜೆ ಗ್ಯಾರೇಜಿನ ಬಾಗಿಲೆತ್ತಿ ಬೆಂಚು ಹಾಕುತ್ತಿದ್ದರು. ಬಂದವರಿಗೆ ಬಿಯರು, ನನಗೆ ಶುಂಠಿ ಷರಬತ್ತು. "ಕಲೆಕ್ಟರ್ ಸಾಹೇಬರಿಗೆ ಅವರ ಔಷಧಿ ಕೊಡಿ," ಎಂದು ಛೇಡಿಸುತ್ತಿದ್ದರು. ಅವರ ಊರಿನಲ್ಲಿ ಮೂರು ಪಬ್ಬುಗಳಿದ್ದವಂತೆ. ಒಂದರಲ್ಲಿ ಜಮೀನುದಾರರು, ಇನ್ನೊಂದರಲ್ಲಿ ಕೂಲಿಕಾರರು, ತಾಯಿಯದರಲ್ಲಿ ಮಾತ್ರ ಇಬ್ಬರೂ. ಕ್ರಿಕೆಟ್ ತಂಡದ ಆಯ್ಕೆ, ಹಂದಿಯ ವ್ಯಾಪಾರ, ಮದುವೆಯ ಮಾತುಕತೆ ಎಲ್ಲವೂ ಅಲ್ಲೇ.

"ಈಗ ಮೂರೂ ಮುಚ್ಚಿವೆ. ನಮ್ಮದರಲ್ಲಿ ಯಾರೋ ಸಂಸಾರ ಮಾಡ್ತಿದಾರೆ. ಬಾರ್ ಇದ್ದ ಜಾಗದಲ್ಲಿ ವಾಷಿಂಗ್ ಮೆಷಿನ್ನು," ಎಂದು ನಗುತ್ತಿದ್ದರು.

ಒಂದು ದಿನ ನನ್ನ ಪುಟ್ಟ ಮೊಮ್ಮಗಳು, ಗ್ಯಾರೇಜಿನಲ್ಲಿ ಕಂಡಂತೆಯೇ ಹಾಲಿನ ಲೋಟ ಎತ್ತಿ, "ಚಿಯರ್ಸ್, ತಾತ," ಎಂದಳು. ನನಗೆ ಕಸಿವಿಸಿಯಾಯಿತು.

"ಅಪ್ಪಾ, ಅದು ಹಾಲು ಅಷ್ಟೇ. ಬೇಜಾರಿದ್ರೆ ಅವರಿಗೇ ಹೇಳಿ, ಒಳ್ಳೇವ್ರು," ಎಂದಳು ಮಗಳು.

ಹೇಳಲಿಲ್ಲ. "ತಮ್ಮ ಅವಗಾಹನೆಗೆ ಸವಿನಯವಾಗಿ ತರಬಯಸುವುದೇನೆಂದರೆ" ಎಂಬರ್ಥದ ಕಚೇರಿ ಇಂಗ್ಲಿಷಿನಲ್ಲಿ ಆರಂಭಿಸಿ, ಮಕ್ಕಳೆದುರು ಮದ್ಯಪಾನ ನಡೆಯುತ್ತಿದೆಯೆಂದು ನಿವಾಸಿಗಳ ಸಂಘಕ್ಕೆ ಹೆಸರಿಲ್ಲದ ದೂರು ಬರೆದೆ.

ಕೂಟ ನಿಲ್ಲಿಸಬೇಕೆಂದು ಸಂಘವು ಅವರಿಗೆ ನೋಟಿಸು ನೀಡಿತು, ದೂರಿನ ಪ್ರತಿಯನ್ನೂ ಲಗತ್ತಿಸಿ. ಅದನ್ನು ಹಿಡಿದು ಅವರು ನನ್ನ ಬಳಿಗೇ ಬಂದರು.

"ನೀವು ಆಫೀಸಲ್ಲಿ ಇದ್ದವರು, ಒಂದು ಉತ್ತರ ಬರೆದುಕೊಡಿ. ಶುಕ್ರವಾರ ಹೋದರೆ ನನಗೆ ವಾರಪೂರ್ತಿ ಮಾತಾಡೋಕೆ ಯಾರೂ ಇರಲ್ಲ."

ನಿರಾಕರಿಸುವ ಧೈರ್ಯ ಸಾಲದೆ ಬರೆದುಕೊಟ್ಟೆ. ನನ್ನ ಕೈಗೆ ಬೇರೊಂದು ಆರಂಭ ತಿಳಿದಿರಲಿಲ್ಲ. ಅವರು ಉತ್ತರದ ಮೊದಲ ಸಾಲು ಓದಿದರು, ದೂರಿನ ಮೊದಲ ಸಾಲು ನೋಡಿದರು, ಎರಡನ್ನೂ ಮಡಚಿದರು.

"ನಮ್ಮೂರಲ್ಲಿ ಯಾರಿಗಾದರೂ ಯಾರ ಮೇಲಾದರೂ ಸಿಟ್ಟಿದ್ದರೆ, ಅಮ್ಮ ಇಬ್ಬರನ್ನೂ ಒಂದೇ ಬೆಂಚಲ್ಲಿ ಕೂರಿಸ್ತಿದ್ದಳು. ಹೇಳಿಕೊಂಡ ಮೇಲೇ ಬಿಯರು," ಎಂದು ಸುಮ್ಮನೆ ಕಾದರು.

'ನಾನೇ' ಎಂಬ ಒಂದು ಮಾತು ಸಾಕಿತ್ತು. ನಾನು, "ಈ ವರ್ಷ ಚಳಿ ಜಾಸ್ತಿ," ಎಂದೆ.

"ಹೌದು, ಜಾಸ್ತೀನೇ," ಎಂದು ಎದ್ದರು.

ಆ ಉತ್ತರವನ್ನು ಅವರು ಸಂಘಕ್ಕೆ ಸಲ್ಲಿಸಲೇ ಇಲ್ಲ. ಸಲ್ಲಿಸಿದ್ದರೆ, ಅದೇ ಮೊದಲ ಸಾಲು ಕಂಡು ಬರೆದುಕೊಟ್ಟವರು ಯಾರೆಂದು ಕೇಳಿ, ದೂರು ಬರೆದವನು ಯಾರೆಂದು ಅಲ್ಲಿಯೂ ತಿಳಿದುಬಿಡುತ್ತಿತ್ತು. ಶುಕ್ರವಾರದ ಕೂಟ ನಿಂತುಹೋಯಿತು.

ಬೇಸಿಗೆಗೆ ಮುನ್ನ ಅವರು ತೀರಿಕೊಂಡರು. ಅಲ್ಲಿಯವರೆಗೂ ದಾರಿಯಲ್ಲಿ ಕಂಡಾಗಲೆಲ್ಲ ಕೈ ಎತ್ತುತ್ತಿದ್ದರು. ನಾನು ರಸ್ತೆಯ ಆಚೆ ಬದಿಯಲ್ಲಿ ವಾಕಿಂಗ್ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೆ.