ತೆಂಗಿನ ಚಿಪ್ಪಿನ ಕಾಫಿ

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಕೊಳ್ಳೇಗಾಲದ ನೇಕಾರರ ಬೀದಿಯೊಂದರ ಬಾಲವಾಡಿಯಲ್ಲಿ ಟೀಚರ್ ಆಗಿದ್ದೆ. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮೂರು ವರ್ಷದವರೂ ಐದು ತುಂಬಿದವರೂ ಒಂದೇ ಜಮಖಾನದ ಮೇಲೆ ಕೂರುತ್ತಿದ್ದರು. ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದಿಗೆ ಹಾಡು ಕೇಳಿಸಬೇಕೆಂದರೆ ಗಂಟಲು ಏರಿಸಬೇಕಾಗುತ್ತಿತ್ತು.

ಮನೆಯಾಟಕ್ಕೆ ಸಾಮಾನು ತರಲು ನಾನೇ ಅಂಗಡಿಗೆ ಹೋಗಿ, ನನಗೆ ಚೆಂದ ಕಂಡದ್ದನ್ನು ಆರಿಸಿದೆ. ಬಣ್ಣ ಹಚ್ಚಿದ ಮರದ ಅಡುಗೆ ಸಾಮಾನು. ಹೆಬ್ಬೆರಳಿನಷ್ಟು ಚೊಂಬು, ಹುಣಿಸೆ ಬೀಜದಷ್ಟು ಲೋಟ. ಚಿಕ್ಕವಳಿದ್ದಾಗ ಅಂಥದ್ದು ನನಗೆ ಸಿಕ್ಕಿರಲಿಲ್ಲ.

ಎರಡನೆಯ ದಿನವೇ ಮೂರು ವರ್ಷದ ಹುಡುಗಿಯೊಬ್ಬಳು ಲೋಟವನ್ನು ಬಾಯಿಗೆ ಹಾಕಿಕೊಂಡಳು. ಉಸಿರು ಕಟ್ಟಿ ಮುಖ ಕೆಂಪಾಯಿತು. ನಾನು ಕೂಗಿದೆನೇ ಹೊರತು ಕೈಕಾಲು ಆಡಲಿಲ್ಲ. ನಮ್ಮ ಆಯಾ, ಐವತ್ತು ದಾಟಿದ ಹೆಂಗಸು, ಅವಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದರು. ಲೋಟ ಕೆಳಗೆ ಬಿತ್ತು. ಮಗು ಅತ್ತಿತು, ಅದಕ್ಕಿಂತ ಜೋರಾಗಿ ನಾನು ಅತ್ತೆ.

"ಅಳ್ಬ್ಯಾಡಿ ಟೀಚ್ರಮ್ಮ," ಎಂದರು ಆಯಾ. "ಇವು ದೊಡ್ ಐಕಳ್ಗೆ ಸರಿ ಕಣವ್ವ. ಸಣ್ಣವು ಎಲ್ಲಾನೂವೆ ಬಾಯ್ಗಾಕಂಡೇ ನೋಡದು."

"ಮತ್ತೆ ಸಣ್ಣವಕ್ಕೆ ಏನು ಕೊಡೋದು?"

"ಬಾಯೊಳಕ್ಕೆ ಓಗ್ದೇ ಇರೋದು ಕೊಡಿ."

ಬಣ್ಣದ ಸಾಮಾನನ್ನು ಡಬ್ಬಿಗೆ ತುಂಬಿ, ಐದು ವರ್ಷದವರಿಗೆ ಮಾತ್ರ ಎಂದು ಮೇಲಿನ ಗೂಡಿಗಿಟ್ಟೆ. ಮರುದಿನ ಆಯಾ ಅಂಚು ಚುಚ್ಚದಂತೆ ಕಲ್ಲಿಗೆ ಉಜ್ಜಿದ ತೆಂಗಿನ ಚಿಪ್ಪುಗಳನ್ನೂ ಹಳೆಯ ಮರದ ಸೌಟನ್ನೂ ತಂದರು. ನಾನು ಹಳೇ ಸೀರೆಯಲ್ಲಿ ಬೊಂಬೆ ಹೊಲಿದೆ. ಕಣ್ಣಿಗೆ ಗುಂಡಿ ಇಡಹೊರಟವಳು, ಕಿತ್ತು ಬಂದರೆ ಎಂದು ಹೆದರಿ ಕಪ್ಪು ದಾರದಲ್ಲೇ ಕಣ್ಣು ಬರೆದೆ.

ಆ ಹುಡುಗಿ ನಾಲ್ಕು ದಿನ ಬರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿಯೇ ಅವರ ಮನೆಗೆ ಹೋದೆ. ತಾಯಿ ರಾಟೆಯ ಮುಂದೆ ಕೂತು, ಮಗ್ಗದ ಲಾಳಿಗೆ ಹಾಕುವ ಬೆರಳುದ್ದದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು.

"ನಂದೇ ತಪ್ಪಾಯ್ತಮ್ಮ," ಎಂದೆ.

"ಮನೇಲೂ ಅಂಗೇಯ. ಕಂಡಿಕೆ ಕಂಡ್ರೆ ಸಾಕು, ಬಾಯ್ಗೆ ಆಕತಾಳೆ," ಎಂದು ನಕ್ಕಳು. "ಜ್ವರ ಬಂದಿತ್ತು, ಅದ್ಕೇ ಕಳಿಸ್ನಿಲ್ಲ. ನಾಳಿಂದ ಕಳಿಸ್ತೀನಿ, ಓಗಿ."

ಮರುದಿನ ಹುಡುಗಿ ಬಂದಳು. ಹೊಸ ಸಾಮಾನನ್ನು ಸ್ವಲ್ಪ ಹೊತ್ತು ದೂರದಿಂದಲೇ ನೋಡಿದಳು. ಆಮೇಲೆ ಚಿಪ್ಪಿನಲ್ಲಿ ಅಂಗಳದ ಮರಳು ತುಂಬಿ, ಮೂರು ಕಲ್ಲಿನ ಆಟದ ಒಲೆಯ ಮೇಲಿಟ್ಟು, ಸೌಟಿನಿಂದ ತಿರುವಿ, ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ತಂದಳು.

"ಕಾಪಿ. ಬಿಸಿ ಅದೆ, ಊದ್ಕಂಡ್ ಕುಡಿ."

ನಾನು ಊದಿ ಊದಿ ಕುಡಿದೆ.

"ನಂಗಿಲ್ವಾ ಕೂಸೇ?" ಎಂದರು ಆಯಾ.

"ಆಲು ಮುಗ್ದೋಯ್ತು," ಎಂದು ಹೇಳಿ ಅವಳು ಒಲೆಯ ಕಡೆಗೆ ಹೋದಳು.